ಸಣ್ಣ ತಂಡದ ವಿಡಿಯೊ ಗೇಮಿಗೆ ತನ್ನದೇ ಚಿತ್ರಶೈಲಿ: ಲೇಕ್ ಮಾರ್ಕೆಟ್ಟಿನ ಸುತ್ತ ದೊರೆಯುವ ಪಾಠಗಳು

ಲೇಕ್ ಮಾರ್ಕೆಟ್ ಎಂದೊಡನೆ ಕೋಲ್ಕತ್ತಾದ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಾಳೆಲೆ, ಕರಿಬೇವು, ಮಲ್ಲಿಗೆಯ ದಂಡೆ ಮತ್ತು ಕಾಫಿಪುಡಿಯ ಪರಿಮಳ. ದಕ್ಷಿಣದಿಂದ ಬಂದು ಇಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳಿಗೆ ಈ ಮಾರುಕಟ್ಟೆ ತವರಿನ ನೆನಪನ್ನು ತರುತ್ತಲೇ ಇದೆ. ಆದರೆ ಈ ಬೀದಿಗಳಿಗೆ ಇನ್ನೊಂದು ಸಂಪತ್ತೂ ಇದೆ. ರಾಸಬಿಹಾರಿ ಅವೆನ್ಯೂವಿನಲ್ಲಿ ಪಶ್ಚಿಮಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಕಾಳಿಘಾಟ್ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಪಟುವಾ ಚಿತ್ರಕಾರರು ಜಗತ್ತು ಇಂದಿಗೂ ಮೆಚ್ಚುವ ಒಂದು ಶೈಲಿಯನ್ನು ಕಟ್ಟಿದರು. ಮಾರುಕಟ್ಟೆಯ ಸಮೀಪದ ಲೇಕ್ ಟೆಂಪಲ್ ರೋಡಿನಲ್ಲಿ 1959ರಿಂದ 1970ರವರೆಗೆ ಸತ್ಯಜಿತ್ ರಾಯ್ ವಾಸವಾಗಿದ್ದರು.

ಈ ವಿಷಯವನ್ನು ಇಂದು ಪ್ರಸ್ತಾಪಿಸಲು ಕಾರಣವಿದೆ. ನಮ್ಮ ಮನೆಗಳ ಮಕ್ಕಳು ಗಣಕಯಂತ್ರ ವಿಜ್ಞಾನವನ್ನೋ ಚಿತ್ರಕಲೆಯನ್ನೋ ಓದಿದ ಮೇಲೆ, ಇಬ್ಬರು ಮೂವರು ಸೇರಿ ತಮ್ಮದೇ ವಿಡಿಯೊ ಗೇಮ್ ತಯಾರಿಸುವ ಹಂಬಲವನ್ನು ಹೇಳಿಕೊಳ್ಳುವುದು ಈಗ ಅಪರೂಪವಲ್ಲ. ಆಗ ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ವರ್ಷ, ಎಷ್ಟು ಹಣ? ಮಕ್ಕಳ ತಲೆಯಲ್ಲಿರುವ ಪ್ರಶ್ನೆ ಬೇರೆ: ನಮ್ಮ ಗೇಮ್ ನೋಡಲು ಹೇಗಿರಬೇಕು? ಇವು ಎರಡು ಬೇರೆ ಪ್ರಶ್ನೆಗಳೆಂದು ಎರಡೂ ಕಡೆಯವರು ಭಾವಿಸುವುದರಿಂದ ಮಾತು ಮುಂದೆ ಸಾಗುವುದಿಲ್ಲ. ವಾಸ್ತವದಲ್ಲಿ ಚಿತ್ರಶೈಲಿಯ ಆಯ್ಕೆಯೇ ಕಾಲ ಮತ್ತು ಹಣದ ಲೆಕ್ಕವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಸ್ವತಂತ್ರ ಗೇಮ್ ಎಂದರೇನು?

ದೊಡ್ಡ ಸಂಸ್ಥೆಯ ಬಂಡವಾಳವಾಗಲಿ ಆದೇಶವಾಗಲಿ ಇಲ್ಲದೆ, ಒಬ್ಬರೋ ಕೆಲವೇ ಮಂದಿಯೋ ಸೇರಿ ತಯಾರಿಸುವ ಆಟವನ್ನು ಸ್ವತಂತ್ರ ಗೇಮ್ ಅಥವಾ ಇಂಡಿ ಗೇಮ್ ಎನ್ನುತ್ತಾರೆ. ಕರ್ನಾಟಕಕ್ಕೆ ಗೇಮ್ ಉದ್ಯಮ ಹೊಸದಲ್ಲ. ರಾಜೇಶ್ ರಾವ್ ಅವರು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಈ ಕ್ಷೇತ್ರದಲ್ಲಿ ದೇಶದ ಮೊದಲಿಗರಲ್ಲೊಂದು. ಅಲ್ಲಿನ ಕಲಾವಿದರು ಹೊರದೇಶಗಳ ಪ್ರಸಿದ್ಧ ಗೇಮ್‌ಗಳಿಗೆ ವಾಹನಗಳನ್ನೂ ಕಟ್ಟಡಗಳನ್ನೂ ನಿರ್ಮಿಸಿಕೊಟ್ಟರು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಇಂತಹ ಕೆಲಸದಲ್ಲಿ ಕೈಚಳಕ ಬೇಕು, ಶಿಸ್ತು ಬೇಕು. ಆದರೆ ಶೈಲಿಯನ್ನು ನಿರ್ಧರಿಸುವವರು ಬೇರೆಯವರು. ಸ್ವತಂತ್ರ ಗೇಮಿನಲ್ಲಾದರೋ ಆ ನಿರ್ಧಾರದ ಹೊಣೆ ಪೂರ್ತಿಯಾಗಿ ತಂಡದ ಮೇಲೆಯೇ ಬೀಳುತ್ತದೆ.

ಹೊಣೆ ಸಣ್ಣದಲ್ಲ. ಗಣಕಯಂತ್ರದ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಅಂತರಜಾಲ ಮಳಿಗೆಯಲ್ಲಿ ಯಾರಾದರೂ 100 ಡಾಲರ್ ಶುಲ್ಕ ಕಟ್ಟಿ ತಮ್ಮ ಗೇಮನ್ನು ಮಾರಾಟಕ್ಕಿಡಬಹುದು. 2024ರ ಒಂದೇ ವರ್ಷದಲ್ಲಿ ಅಲ್ಲಿಗೆ 18,000ಕ್ಕೂ ಹೆಚ್ಚು ಹೊಸ ಗೇಮ್‌ಗಳು ಬಂದವು. ಅಂದರೆ ದಿನಕ್ಕೆ ಸುಮಾರು ಐವತ್ತು. ಗ್ರಾಹಕನು ಒಂದೊಂದನ್ನೂ ಆಡಿ ನೋಡಲಾರ. ಅಂಗೈಯಗಲಕ್ಕಿಂತ ಚಿಕ್ಕದಾದ ಒಂದು ಚಿತ್ರವನ್ನು ಕಂಡು, ನಿಲ್ಲಬೇಕೋ ಮುಂದೆ ಹೋಗಬೇಕೋ ಎಂದು ಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಸಾವಿರಾರು ಗೇಮ್‌ಗಳ ನಡುವೆ "ಇದು ಆ ಗೇಮೇ" ಎಂದು ಗುರುತಿಸುವಂತಿರದಿದ್ದರೆ ಎರಡು ಮೂರು ವರ್ಷಗಳ ಶ್ರಮ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಹಾಗೆಂದು ಕಣ್ಣು ಕೋರೈಸುವ ಚಿತ್ರಗಳೇ ಬೇಕೆಂದಲ್ಲ. ನೂರಾರು ಕಲಾವಿದರಿರುವ ಸಂಸ್ಥೆಗಳೊಡನೆ ವಾಸ್ತವಸದೃಶ ಚಿತ್ರಣದಲ್ಲಿ ಮೂವರು ಪೈಪೋಟಿ ನಡೆಸಲಾಗದು. ಇರುವ ಕೆಲವೇ ಕೈಗಳಿಂದ ಕೊನೆಯವರೆಗೂ ಒಂದೇ ಗುಣಮಟ್ಟದಲ್ಲಿ ಮುಗಿಸಬಹುದಾದ ಶೈಲಿ ಯಾವುದು ಎಂದು ಹುಡುಕುವುದೇ ಸರಿಯಾದ ದಾರಿ. ಇದಕ್ಕೆ ಅತ್ಯುತ್ತಮ ನಿದರ್ಶನ ನಮ್ಮ ನೆರೆಯ ಕಾಳಿಘಾಟಿನಲ್ಲೇ ಇದೆ.

ಕಾಳಿಘಾಟಿನ ಪಟುವಾಗಳು ಮಾಡಿದ ಆಯ್ಕೆ

ಈಗಿನ ಕಾಳಿ ದೇವಾಲಯ ಪೂರ್ಣಗೊಂಡದ್ದು 1809ರಲ್ಲಿ. ಯಾತ್ರಿಕರ ಸಂಖ್ಯೆ ಬೆಳೆದಂತೆ ಬಂಗಾಳದ ಹಳ್ಳಿಗಳಿಂದ ಪಟುವಾಗಳು ಬಂದು ಗುಡಿಯ ಸುತ್ತ ನೆಲೆಸಿದರು. ಊರಿನಲ್ಲಿ ಅವರು ಉದ್ದನೆಯ ಸುರುಳಿಯ ಮೇಲೆ ಕಥೆಯನ್ನು ಬರೆದು, ಹಾಡುತ್ತಾ ಬಿಡಿಸಿ ತೋರಿಸುತ್ತಿದ್ದವರು. ನಗರದ ಯಾತ್ರಿಕನಿಗೆ ಅಷ್ಟು ಹೊತ್ತು ನಿಲ್ಲುವ ವ್ಯವಧಾನವಿರಲಿಲ್ಲ; ಅವನಿಗೆ ಬೇಕಾದದ್ದು ಕೆಲವು ಕಾಸಿಗೆ ಸಿಗುವ, ಸುತ್ತಿಕೊಂಡು ಊರಿಗೆ ಒಯ್ಯಬಹುದಾದ ಒಂದೇ ಹಾಳೆಯ ಚಿತ್ರ.

ಪಟುವಾಗಳು ತಮ್ಮ ಕಲೆಯನ್ನು ಈ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡರು. ಗಿರಣಿಯಲ್ಲಿ ತಯಾರಾದ ಅಗ್ಗದ ತೆಳು ಕಾಗದವನ್ನು ಆರಿಸಿಕೊಂಡರು. ಹಿನ್ನೆಲೆಯನ್ನು ಖಾಲಿ ಬಿಟ್ಟರು. ಬೇಗ ಒಣಗುವ ನೀರುಬಣ್ಣಗಳಲ್ಲಿ, ಕುಂಚವನ್ನು ಒಮ್ಮೆ ಬಾಗಿಸಿ ಎಳೆದರೆ ತೋಳಿನ ದುಂಡುತನವೂ ನೆರಳೂ ಒಟ್ಟಿಗೆ ಮೂಡುವಂತಹ ರೇಖೆಯನ್ನು ಸಾಧಿಸಿದರು. ಆಭರಣಗಳಿಗೆ ಬೆಳ್ಳಿಯ ಹೊಳಪಿನ ತವರದ ಬಣ್ಣ ಬಳಸಿದರು. ಮನೆಮಂದಿಯೆಲ್ಲ ಕೆಲಸ ಹಂಚಿಕೊಂಡು, ಒಬ್ಬರು ರೇಖೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬುತ್ತಿದ್ದರು. ದೇವತೆಗಳಷ್ಟೇ ಅಲ್ಲ, ನಗರದ ಶೋಕಿ ಬಾಬುಗಳು, ಸೀಗಡಿ ಕಚ್ಚಿದ ಕಪಟ ಸನ್ಯಾಸಿ ಬೆಕ್ಕು, 1873ರಲ್ಲಿ ಬಂಗಾಳವನ್ನೇ ಬೆಚ್ಚಿಬೀಳಿಸಿದ ಏಲೋಕೇಶಿಯ ಕೊಲೆ ಪ್ರಕರಣ ಎಲ್ಲವೂ ಅದೇ ರೇಖೆಯಲ್ಲಿ ಚಿತ್ರವಾದವು.

ಇಲ್ಲಿ ಗಮನಿಸಬೇಕಾದ ಅಂಶವಿದು. ಖಾಲಿ ಹಿನ್ನೆಲೆ, ದಪ್ಪ ಬಾಗುರೇಖೆ, ಮಿತವಾದ ಬಣ್ಣ ಎಂದು ನಾವು ಇಂದು ಯಾವುದನ್ನು ಕಾಳಿಘಾಟ್ ಶೈಲಿಯೆಂದು ಹೊಗಳುತ್ತೇವೆಯೋ ಅದೆಲ್ಲವೂ ಕಾಲ, ಹಣ, ಕೈಗಳ ಕೊರತೆಯೊಳಗೆ ರೂಪುಗೊಂಡದ್ದು. ಕೊರತೆಯನ್ನು ಮರೆಮಾಚಲು ಅವರು ಹೋಗಲಿಲ್ಲ. ಅದನ್ನೇ ನಿಯಮವನ್ನಾಗಿ ಮಾಡಿಕೊಂಡು ಎಲ್ಲ ಚಿತ್ರಗಳಲ್ಲೂ ಪಾಲಿಸಿದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಈ ಪಟಗಳ ದೊಡ್ಡ ಸಂಗ್ರಹವಿದ್ದು, ಅದನ್ನು ಅಂತರಜಾಲದಲ್ಲಿಯೂ ವೀಕ್ಷಿಸಬಹುದು.

ಇದೇ ಹಾದಿಯನ್ನು ಮುಂದೆ ತಿಳಿದೂ ತಿಳಿದು ಹಿಡಿದವರು ಜಾಮಿನಿ ರಾಯ್. ಕೋಲ್ಕತ್ತಾದ ಸರ್ಕಾರಿ ಕಲಾಶಾಲೆಯಲ್ಲಿ ಐರೋಪ್ಯ ಪದ್ಧತಿಯನ್ನು ಕಲಿತು ಭಾವಚಿತ್ರಗಳಿಂದ ಹೆಸರು ಮಾಡಿದ್ದ ಅವರು, ಅದನ್ನು ಬಿಟ್ಟು ಕಾಳಿಘಾಟ್ ಪಟ ಮತ್ತು ಬಂಗಾಳದ ಜಾನಪದ ಚಿತ್ರಗಳತ್ತ ತಿರುಗಿದರು. ತಮ್ಮ ಬಣ್ಣಗಳನ್ನು ಬಹುಮಟ್ಟಿಗೆ ಏಳಕ್ಕೆ ಮಿತಗೊಳಿಸಿಕೊಂಡರು. ಬಾದಾಮಿಯಾಕಾರದ ಆ ದೊಡ್ಡ ಕಣ್ಣುಗಳನ್ನು ಕಂಡೊಡನೆ ಯಾರ ಚಿತ್ರವೆಂದು ಇಂದು ಮಕ್ಕಳೂ ಹೇಳಬಲ್ಲರು.

ಚಿತ್ರಗಳ ಲೆಕ್ಕ

ಗೇಮಿನಲ್ಲಿ ಚಿತ್ರ ನಿಂತಲ್ಲೇ ನಿಲ್ಲುವುದಿಲ್ಲ, ಚಲಿಸಬೇಕು. ಶ್ರಮ ಬೆಳೆಯುವುದು ಅಲ್ಲಿಯೇ. ಒಂದು ಸರಳ ಉದಾಹರಣೆ ನೋಡೋಣ. ಗೇಮಿನಲ್ಲಿ ಆರು ಪಾತ್ರಗಳಿವೆ. ಪ್ರತಿ ಪಾತ್ರವೂ ನಡೆಯುವುದು, ಓಡುವುದು, ಜಿಗಿಯುವುದು ಮೊದಲಾದ ಎಂಟು ಚಲನೆಗಳನ್ನು ಮಾಡಬೇಕು. ಪ್ರತಿ ಚಲನೆಗೆ ಹತ್ತು ಚಿತ್ರಗಳು ಬೇಕು ಎಂದಿಟ್ಟುಕೊಳ್ಳೋಣ. ಒಟ್ಟು 480 ಚಿತ್ರಗಳು. ಒಂದಕ್ಕೆ ಒಂದು ಗಂಟೆ ಹಿಡಿದರೆ, ದಿನಕ್ಕೆ ಎಂಟು ಗಂಟೆಯಂತೆ 60 ದಿನಗಳ ಕೆಲಸ. ಈಗ ಪಾತ್ರಗಳು ಬದಿಯಿಂದ ಮಾತ್ರವಲ್ಲದೆ ನಾಲ್ಕೂ ದಿಕ್ಕುಗಳಿಂದ ಕಾಣಬೇಕೆಂದು ಯಾರೋ ಒಬ್ಬರು ಸೂಚಿಸುತ್ತಾರೆ. ಮಾತು ಒಂದೇ, ಚಿತ್ರಗಳು 1,920 ಆಗುತ್ತವೆ, 60 ದಿನ 240 ದಿನಗಳಾಗುತ್ತವೆ. ರಜೆ, ಜ್ವರ, ತಿದ್ದುಪಡಿ ಸೇರಿದರೆ ಒಬ್ಬ ಕಲಾವಿದನ ಒಂದಿಡೀ ವರ್ಷ ಹೋಯಿತೆಂದೇ ಅರ್ಥ.

ಹೀಗೆ ಒಂದೊಂದೇ ಚಿತ್ರ ಬರೆದು ಗೆದ್ದವರೂ ಇದ್ದಾರೆ. ಕೆನಡಾದ ಸ್ಟುಡಿಯೋ ಎಂಡಿಎಚ್‌ಆರ್ ತಯಾರಿಸಿ 2017ರಲ್ಲಿ ಬಿಡುಗಡೆ ಮಾಡಿದ ಕಪ್‌ಹೆಡ್ ಗೇಮಿನಲ್ಲಿ 1930ರ ದಶಕದ ಅಮೆರಿಕನ್ ಕಾರ್ಟೂನುಗಳ ಮಾದರಿಯಲ್ಲಿ ಚಲನೆಗಳನ್ನು ಕಾಗದದ ಮೇಲೆ ಪೆನ್ಸಿಲ್ಲಿನಿಂದಲೇ ಬರೆಯಲಾಯಿತು; ಹಿನ್ನೆಲೆಗೆ ನೀರುಬಣ್ಣ ಬಳಸಲಾಯಿತು. ಗೇಮ್ ಜಗತ್ಪ್ರಸಿದ್ಧವಾಯಿತು. ಆದರೆ ಅದನ್ನು ಮುಗಿಸಲು ಅದರ ಸ್ಥಾಪಕ ಸಹೋದರರು ಉದ್ಯೋಗ ಬಿಟ್ಟು, ಮನೆಗಳನ್ನು ಅಡವಿಟ್ಟು ಸಾಲ ಪಡೆಯಬೇಕಾಯಿತು ಎಂಬುದನ್ನು ನಮ್ಮ ಓದುಗರು ಮರೆಯಬಾರದು. ಗೆದ್ದವರ ಕಥೆ ನಮಗೆ ತಿಳಿಯುತ್ತದೆ. ಮನೆ ಅಡವಿಟ್ಟು ಸೋತವರ ಕಥೆ ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೊಂದು ದಾರಿಯನ್ನು ನಮ್ಮ ತೊಗಲುಗೊಂಬೆಯಾಟ ಎಂದೋ ತೋರಿಸಿದೆ. ಹದಮಾಡಿದ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿಸಿ, ಕತ್ತರಿಸಿ, ರಂಧ್ರಗಳ ಕುಸುರಿ ಮಾಡಿ, ಬಣ್ಣ ಹಚ್ಚಿ, ಕೈಕಾಲುಗಳನ್ನು ದಾರದಿಂದ ಕೀಲಿಸಿದರೆ ಒಂದೇ ಗೊಂಬೆ ರಾತ್ರಿಯಿಡೀ ಆಡುತ್ತದೆ. ಪ್ರತಿ ಹೆಜ್ಜೆಗೂ ಹೊಸ ಗೊಂಬೆ ಬೇಕಿಲ್ಲ. ಗಣಕಯಂತ್ರದಲ್ಲೂ ಹೀಗೆಯೇ ತಲೆ, ಮುಂಡ, ತೋಳು, ಮುಂಗೈ, ತೊಡೆ, ಪಾದ ಎಂದು ಭಾಗಗಳನ್ನು ಬೇರೆಬೇರೆ ಬರೆದು, ಕೀಲುಗಳಲ್ಲಿ ಜೋಡಿಸಿ ಚಲಿಸುವ ವಿಧಾನವಿದೆ. ಬ್ಲೆಂಡರ್, ಗೊಡೊ ಮುಂತಾದ ಉಚಿತ ತಂತ್ರಾಂಶಗಳಲ್ಲೇ ಇದು ಸಾಧ್ಯ. ಒಂದು ಪಾತ್ರಕ್ಕೆ ಹದಿನಾಲ್ಕು ಭಾಗಗಳೆಂದರೆ ಆರು ಪಾತ್ರಗಳಿಗೆ 84 ತುಂಡುಗಳು ಸಾಕು. ಅವನ್ನು ಆಡಿಸಿ ಹದಗೊಳಿಸುವ ಶ್ರಮ ಪ್ರತ್ಯೇಕವಾಗಿ ಇದ್ದೇ ಇದೆ. ಆದರೂ 480 ಚಿತ್ರಗಳ ಹೊರೆ ತಪ್ಪಿತು. ಇದರ ಚಲನೆಯಲ್ಲಿ ಸ್ವಲ್ಪ ಬಿಗಿತ ಉಳಿಯುವುದು ನಿಜ. ಪಾತ್ರಗಳು ಗೊಂಬೆಗಳೇ ಆಗಿರುವ ಲೋಕವನ್ನು ಕಟ್ಟಿದರೆ ಆ ಬಿಗಿತ ದೋಷವೆನಿಸದೆ ಆ ಲೋಕದ ಲಕ್ಷಣವೇ ಆಗುತ್ತದೆ.

ಕರ್ನಾಟಕದ ತೊಗಲುಗೊಂಬೆಯಲ್ಲಿ ಮತ್ತೊಂದು ಉಪಾಯವಿದೆ. ಕೀಲುಗೊಂಬೆಗಳ ಜೊತೆಗೆ, ಹಲವು ಪಾತ್ರಗಳಿರುವ ಇಡೀ ದೃಶ್ಯವನ್ನು ಒಂದೇ ಚರ್ಮದಲ್ಲಿ ಕತ್ತರಿಸಿದ ಗೊಂಬೆಗಳೂ ಇವೆ. ಚಲನೆ ಎಲ್ಲಿ ಬೇಕೋ ಅಲ್ಲಿ ಕೀಲು, ಘನತೆ ಎಲ್ಲಿ ಬೇಕೋ ಅಲ್ಲಿ ನಿಶ್ಚಲ ದೃಶ್ಯ. ಗೇಮಿನಲ್ಲೂ ಕಥೆ ಹೇಳುವ ನಡುನಡುವಿನ ಭಾಗಗಳಿಗೆ ಈ ವಿವೇಕವನ್ನು ಅನ್ವಯಿಸಬಹುದು.

ಕಂಡೊಡನೆ ತಿಳಿಯಬೇಕು

ಭಿತ್ತಿಚಿತ್ರವನ್ನು ನಾವು ನಿಂತು ನೋಡುತ್ತೇವೆ. ಗೇಮಿನ ಚಿತ್ರವನ್ನು ನೋಡುತ್ತಲೇ ಏನಾದರೂ ಮಾಡಬೇಕು. ನಾಯಕ ಎಲ್ಲಿದ್ದಾನೆ, ಅಪಾಯ ಯಾವ ಕಡೆಯಿದೆ, ಯಾವುದರ ಮೇಲೆ ಕಾಲಿಡಬಹುದು ಎಂಬುದು ಅರೆಕ್ಷಣದಲ್ಲಿ ತಿಳಿಯದಿದ್ದರೆ ಚಿತ್ರ ಎಷ್ಟೇ ಸುಂದರವಾಗಿದ್ದರೂ ಗೇಮ್ ಕೆಟ್ಟಂತೆಯೇ.

ತೊಗಲುಗೊಂಬೆಯವರಿಗೆ ಈ ಸಮಸ್ಯೆ ಗೊತ್ತಿತ್ತು. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ಪರದೆಯ ಮೇಲಿನ ನೆರಳು ಯಾರದೆಂದು ತಿಳಿಯಬೇಕು. ಆದ್ದರಿಂದಲೇ ದೇವತೆಗಳಿಗೂ ರಾಜರಿಗೂ ದೊಡ್ಡ ಗೊಂಬೆ, ಸೇವಕರಿಗೂ ಸಾಮಾನ್ಯರಿಗೂ ಚಿಕ್ಕ ಗೊಂಬೆ. ದೇಹದ ನಿಜವಾದ ಅಳತೆಗಿಂತ ಕಥೆಯಲ್ಲಿನ ಸ್ಥಾನವೇ ಅಲ್ಲಿ ಮುಖ್ಯ. ಡೆನ್ಮಾರ್ಕಿನ ಪ್ಲೇಡೆಡ್ ಸಂಸ್ಥೆ 2010ರಲ್ಲಿ ಹೊರತಂದ ಲಿಂಬೋ ಎಂಬ ಗೇಮ್ ಪೂರ್ತಿಯಾಗಿ ಕಪ್ಪು ನೆರಳುಗಳಿಂದಲೇ ಕೂಡಿದೆ. ಮಂಜಿನಂತಹ ಬೂದುಬಣ್ಣದ ಮುಂದೆ ಕಪ್ಪು ಬಾಲಕ, ಅವನಿಗೆ ಹೊಳೆಯುವ ಎರಡು ಕಣ್ಣುಗಳು, ಅಷ್ಟೇ. ನೆರಳಿನ ಆಕಾರದಿಂದಲೇ ಆಟಗಾರ ಎಲ್ಲವನ್ನೂ ತಿಳಿಯುತ್ತಾನೆ. ಕತ್ತಲೆಯೊಳಗೆ ಕಾಣದೆ ಉಳಿದದ್ದು ಭಯವನ್ನು ಹೆಚ್ಚಿಸುತ್ತದೆ.

ಇದಕ್ಕೆ ಲೇಕ್ ಟೆಂಪಲ್ ರೋಡಿನ ನಿದರ್ಶನವೂ ಇದೆ. ಸತ್ಯಜಿತ್ ರಾಯ್ ಅವರ ತಾತ ಉಪೇಂದ್ರಕಿಶೋರರು 1915ರಲ್ಲಿ ಸಂದೇಶ್ ಪತ್ರಿಕೆಯಲ್ಲಿ ಬರೆದ ಕಥೆಯನ್ನು ಆಧರಿಸಿ ರಾಯ್ ಅವರು 'ಗೂಪಿ ಗಾಯ್ನೆ ಬಾಘಾ ಬಾಯ್ನೆ' ಚಿತ್ರವನ್ನು ನಿರ್ಮಿಸಿದರು. ಅದು 1969ರಲ್ಲಿ ತೆರೆಕಂಡಿತು. ಹಣದ ಅಭಾವದಿಂದ ಚಿತ್ರವನ್ನು ವರ್ಣದಲ್ಲಿ ತೆಗೆಯಲಾಗಲಿಲ್ಲ. ಕೊನೆಯ ಭಾಗಕ್ಕಷ್ಟೇ ಬಣ್ಣ ದೊರೆಯಿತು. ಕಪ್ಪು-ಬಿಳುಪಿನ ಆ ಮಿತಿಯೊಳಗೇ ಪ್ರಸಿದ್ಧವಾದ ಭೂತಗಳ ನೃತ್ಯ ಹುಟ್ಟಿತು. ಭೂತಗಳಲ್ಲಿ ರಾಜರು, ಸಾಮಾನ್ಯ ಜನರು, ಬಿಳಿಯ ಸಾಹೇಬರು, ಬೊಜ್ಜಿನ ಮಂದಿ ಎಂದು ನಾಲ್ಕು ಗುಂಪುಗಳು. ಪ್ರತಿ ಗುಂಪಿಗೂ ಬೇರೆ ಆಕಾರ, ಬೇರೆ ನಡಿಗೆ. ನಮ್ಮ ಓದುಗರಿಗೆ ಸಂತೋಷ ತರುವ ಸಂಗತಿಯೆಂದರೆ ಈ ನೃತ್ಯಕ್ಕೆ ರಾಯ್ ಆರಿಸಿಕೊಂಡದ್ದು ದಕ್ಷಿಣದ ತಾಳವಾದ್ಯಗಳನ್ನು: ರಾಜರಿಗೆ ಮೃದಂಗ, ಸಾಮಾನ್ಯರಿಗೆ ಖಂಜಿರ, ಸಾಹೇಬರಿಗೆ ಘಟ, ಬೊಜ್ಜಿನವರಿಗೆ ಮೋರ್ಸಿಂಗ್. ಒಂದು ಮಾತೂ ಇಲ್ಲದೆ ಯಾರು ಯಾರೆಂಬುದು ಪ್ರೇಕ್ಷಕನಿಗೆ ಸ್ಪಷ್ಟವಾಗುತ್ತದೆ. ಗೇಮ್ ತಯಾರಿಸುವವರು ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿ ಕಲಿಯಬೇಕಾದದ್ದು ಬಹಳವಿದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಾತ್ರಗಳೆಲ್ಲವನ್ನೂ ಕಪ್ಪು ಬಣ್ಣದಿಂದ ತುಂಬಿ, ನೆರಳಿನಿಂದಲೇ ಗುರುತು ಸಿಗುತ್ತದೆಯೇ ನೋಡಬೇಕು. ದೃಶ್ಯದ ಬಣ್ಣ ತೆಗೆದು ಬೂದು ಛಾಯೆಯಲ್ಲಿ ನಾಯಕ ಎದ್ದು ಕಾಣುತ್ತಾನೆಯೇ ನೋಡಬೇಕು. ಕೆಂಪು-ಹಸಿರು ವ್ಯತ್ಯಾಸ ಕಾಣದ ಆಟಗಾರರಿಗೂ ಇದು ಮುಖ್ಯ. ಚಿತ್ರವನ್ನು ಅಂಚೆಚೀಟಿಯಷ್ಟು ಕುಗ್ಗಿಸಿ ಗೇಮ್ ಗೊತ್ತಿಲ್ಲದ ಹಿರಿಯರೊಬ್ಬರಿಗೆ ತೋರಿಸಿ "ಇಲ್ಲಿ ಏನು ನಡೆಯುತ್ತಿದೆ?" ಎಂದು ಕೇಳಬೇಕು. ಅಜ್ಜಿಯ ಉತ್ತರ ತಪ್ಪಾದರೆ ತಿದ್ದಬೇಕಾದದ್ದು ಚಿತ್ರವನ್ನು.

ಶೈಲಿ ಕಥೆಯಿಂದಲೇ ಬರಬೇಕು

ಕೋಲ್ಕತ್ತಾದ ಛಾಯಾಚಿತ್ರ ಕಲಾವಿದೆ ಲೀನಾ ಕೇಜ್ರಿವಾಲ್ ಅವರು ಹೆಣ್ಣುಮಕ್ಕಳ ಕಳ್ಳಸಾಗಣೆಯ ವಿರುದ್ಧ 2014ರಲ್ಲಿ 'ಮಿಸ್ಸಿಂಗ್' ಎಂಬ ಸಾರ್ವಜನಿಕ ಕಲಾಯೋಜನೆಯನ್ನು ಆರಂಭಿಸಿದರು. ಅದರ ಗುರುತು ಮುಖಚಹರೆಯೇ ಇಲ್ಲದ ಕಪ್ಪು ಬಾಲಕಿಯ ಆಕೃತಿ. ಆಗಸದಲ್ಲಿ ಕೊರೆದ ರಂಧ್ರದಂತೆ ಅದು ಕಾಣುತ್ತದೆ. ಕಣ್ಮರೆಯಾದವಳನ್ನು ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ಸಿಗಲಾರದು. ಈ ನಗರದ ಗೋಡೆಗಳ ಮೇಲೂ ಆ ಆಕೃತಿ ಮೂಡಿತು. ಇದೇ ಯೋಜನೆಯಿಂದ 2016ರಲ್ಲಿ ಮೊಬೈಲ್ ಗೇಮೊಂದು ಹೊರಬಂದಿತು. ಅದರ ನಿರ್ಮಾಣದಲ್ಲಿ ಕೋಲ್ಕತ್ತಾದ ಸತ್ಯಜಿತ್ ಚಕ್ರವರ್ತಿಯವರ ಫ್ಲೈಯಿಂಗ್ ರೋಬೋಟ್ ಸ್ಟುಡಿಯೋಸ್ ಜೊತೆಗೂಡಿತು. ಕಳ್ಳಸಾಗಣೆಗೆ ಬಲಿಯಾದ ಬಾಲಕಿಯ ಸ್ಥಾನದಲ್ಲಿ ಆಟಗಾರನನ್ನು ನಿಲ್ಲಿಸುವ ಆಟವದು. ಸ್ವತಂತ್ರ ಗೇಮ್ ನಮ್ಮ ಊರಿನಲ್ಲಿ ಆಗುವ ಮಾತಲ್ಲ ಎನ್ನುವವರಿಗೆ ಇದೇ ಉತ್ತರ.

ಇನ್ನೊಂದು ಉದಾಹರಣೆ ನಮ್ಮ ಅಡುಗೆಮನೆಗೆ ಹತ್ತಿರವಾದದ್ದು. ಟೊರಾಂಟೊದ ವಿಸಾಯ್ ಗೇಮ್ಸ್ 2023ರಲ್ಲಿ ಹೊರತಂದ 'ವೆಣ್ಬಾ', 1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ದಂಪತಿ ಮತ್ತು ಅವರ ಮಗನ ಕಥೆ. ಆಟಗಾರನು ಮಾಡಬೇಕಾದ ಮೊದಲ ಅಡುಗೆಯೇ ಇಡ್ಲಿ. ಚಿತ್ರಗಳು ಚಪ್ಪಟೆಯಾದ ಬಣ್ಣಗಳವು, ಸರಳ. ಪಾತ್ರೆ ಪದಾರ್ಥಗಳು ಮಾತ್ರ ನಮ್ಮ ಮನೆಯವೇ ಎನ್ನುವಂತಿವೆ. ಎಲ್ಲವನ್ನೂ ವಿವರವಾಗಿ ಬರೆಯುವುದಕ್ಕಿಂತ ಕಥೆಗೆ ಪ್ರಾಣವಾದದ್ದರ ಮೇಲೆ ಶ್ರಮ ಹಾಕಿರುವುದು ಕಾಣುತ್ತದೆ. 2024ರಲ್ಲಿ ಈ ಗೇಮಿಗೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಗೇಮ್ ಪ್ರಶಸ್ತಿ ಬಂದಿತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮಂತಹ ಕುಟುಂಬಗಳ ಬದುಕೂ ಗೇಮಿನ ವಸ್ತುವಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಪರಂಪರೆಯನ್ನು ಹೊದಿಸಿದರೆ ಸಾಲದು

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಬಿಡುಗಡೆ ಮಾಡಿದ 'ರಾಜಿ' ಎಂಬ ಗೇಮಿನಲ್ಲಿ ಪಹಾಡಿ ಚಿತ್ರಕಲೆಯ ಪ್ರಭಾವದ ಕೈಬರಹದ ಮೇಲ್ಮೈಗಳೂ, ಕಥೆ ಹೇಳುವೆಡೆ ನೆರಳುಗೊಂಬೆಯ ದೃಶ್ಯಗಳೂ ಇವೆ. 2017ರಲ್ಲಿ ಸಾರ್ವಜನಿಕ ದೇಣಿಗೆಯಿಂದ ಹಣ ಕೂಡಿಸಲು ನಡೆಸಿದ ಯತ್ನ ಗುರಿ ಮುಟ್ಟದಿದ್ದರೂ ಆ ತಂಡ ಕೆಲಸ ನಿಲ್ಲಿಸಲಿಲ್ಲ. ಭಾರತೀಯ ಗೇಮ್ ಎಂದೊಡನೆ ಇಂದು ಹಲವರು ಅದನ್ನೇ ಹೆಸರಿಸುವುದಕ್ಕೆ ಅದರ ಚಿತ್ರಶೈಲಿ ಮುಖ್ಯ ಕಾರಣ.

ನಮ್ಮ ಮಕ್ಕಳಿಗೂ ಇಂತಹ ಆಸೆ ಸಹಜ. ಶಿವಮೊಗ್ಗ ಭಾಗದ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ ಬರೆಯುವ ಹಸೆ ಚಿತ್ತಾರ, ಬಂಗಾಳದ ನಯಾ ಗ್ರಾಮದ ಪಟ, ಕೊಪ್ಪಳ ಬಳ್ಳಾರಿಗಳ ತೊಗಲುಗೊಂಬೆ ಎಲ್ಲವೂ ಕೈಬೀಸಿ ಕರೆಯುತ್ತವೆ. ಆದರೆ ಚಿತ್ತಾರದ ಅಂಚನ್ನು ತಂದು ಪರದೆಯ ಸುತ್ತ ಅಂಟಿಸಿದರೆ ಅದು ಮದುವೆ ಕರೆಯೋಲೆಯ ಅಲಂಕಾರವಾಗುತ್ತದೆ, ಶೈಲಿಯಾಗುವುದಿಲ್ಲ. ಆ ಚಿತ್ರದಲ್ಲಿ ಗೆರೆ ಎಲ್ಲಿಂದ ಹೊರಡುತ್ತದೆ, ಯಾವುದನ್ನು ಬರೆಯದೆ ಬಿಡುತ್ತಾರೆ, ಎಷ್ಟು ಬಣ್ಣ, ಏಕೆ ಅಷ್ಟೇ ಎಂದು ತಿಳಿದು ಆ ವ್ಯಾಕರಣವನ್ನು ಕಲಿಯಬೇಕು.

ತಿಳಿಯುವುದಕ್ಕೆ ಬಲ್ಲವರ ಬಳಿಗೆ ಹೋಗಬೇಕು. ಅಲಾಸ್ಕಾದ ಇನೂಪಿಯಾಟ್ ಜನರ ಕಥೆಯನ್ನು ಆಧರಿಸಿ 2014ರಲ್ಲಿ ಬಂದ 'ನೆವರ್ ಅಲೋನ್' ಗೇಮಿಗಾಗಿ ಆ ಸಮುದಾಯದ ಸುಮಾರು ನಲವತ್ತು ಮಂದಿ ಹಿರಿಯರು ಮತ್ತು ಕಥೆಗಾರರು ನಿರ್ಮಾಪಕರೊಡನೆ ಕೆಲಸ ಮಾಡಿದರು. ತೊಗಲುಗೊಂಬೆಯೂ ವಾರಸುದಾರರಿಲ್ಲದ ಕಲೆಯಲ್ಲ. ಕಿಳ್ಳೇಕ್ಯಾತ ಮನೆತನಗಳು ತಲೆಮಾರುಗಳಿಂದ ಅದನ್ನು ಉಳಿಸಿಕೊಂಡು ಬಂದಿವೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತದ್ದನ್ನು ಓದುಗರು ಬಲ್ಲರು. ಇಂತಹ ಕಲಾವಿದರ ರೂಪಗಳಿಂದ ಗೇಮ್ ಕಟ್ಟುವವರು ಅವರನ್ನು ಕೇಳಬೇಕು, ಸಂಭಾವನೆ ಕೊಡಬೇಕು, ಗೇಮಿನೊಳಗೆ ಹೆಸರು ಹಾಕಬೇಕು. ಕಾನೂನಿನ ಮಾತೂ ತಿಳಿದಿರಲಿ: ಶೈಲಿಗೆ ಹಕ್ಕುಸ್ವಾಮ್ಯವಿಲ್ಲ, ನಿರ್ದಿಷ್ಟ ಚಿತ್ರಕ್ಕೆ ಇದೆ. ಭಾರತದಲ್ಲಿ ಅದು ಕಲಾವಿದನು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. 1972ರಲ್ಲಿ ನಿಧನರಾದ ಜಾಮಿನಿ ರಾಯ್ ಅವರ ಚಿತ್ರಗಳನ್ನು ಆದ್ದರಿಂದ 2032ರ ಕೊನೆಯವರೆಗೆ ಅನುಮತಿಯಿಲ್ಲದೆ ನಕಲು ಮಾಡುವಂತಿಲ್ಲ.

ಅಕ್ಷರಗಳೂ ಚಿತ್ರವೇ

ಗೇಮಿನಲ್ಲಿ ಕನ್ನಡವಿರಬೇಕೆಂದು ಬಯಸುವವರು ಆರಂಭದಲ್ಲೇ ನೋಡಿಕೊಳ್ಳಬೇಕಾದ ಸಂಗತಿ ಒಂದಿದೆ. ಕೆಲವು ಗೇಮ್ ತಂತ್ರಾಂಶಗಳು ಒತ್ತಕ್ಷರಗಳನ್ನು ಒಡೆದು ತೋರಿಸುತ್ತವೆ. 2023ರಲ್ಲಿ ಬಂದ ಗೊಡೊದ ನಾಲ್ಕನೆಯ ಆವೃತ್ತಿಯಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಸೇರಿದೆ. ಯಾವುದನ್ನೇ ಬಳಸಲಿ, ಮೊದಲ ದಿನವೇ "ಸ್ವಾತಂತ್ರ್ಯ", "ರಾಷ್ಟ್ರ", "ಸೂರ್ಯ" ಎಂಬ ಪದಗಳನ್ನು ಪರದೆಯ ಮೇಲೆ ಮೂಡಿಸಿ ನೋಡುವುದು ಒಳಿತು. ಬಲೂ ತಮ್ಮ, ನೋಟೋ ಮೊದಲಾದ ಮುಕ್ತ ಪರವಾನಗಿಯ ಕನ್ನಡ ಅಕ್ಷರವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ದುಂಡಗಿನ ಬಲೂ ತಮ್ಮ ಮಕ್ಕಳ ಆಟಕ್ಕೆ ಒಪ್ಪೀತು, ಗಂಭೀರ ಕಥೆಗೆ ಒಪ್ಪಲಿಕ್ಕಿಲ್ಲ. ಕೈಬರಹವೇ ಶೈಲಿಗೆ ಸರಿಹೊಂದುವುದಾದರೆ ಹಿರಿಯರೊಬ್ಬರಿಂದ ಶೀರ್ಷಿಕೆ ಬರೆಯಿಸಿಕೊಳ್ಳುವುದಕ್ಕೆ ಅಡ್ಡಿಯೇನು? ಸತ್ಯಜಿತ್ ರಾಯ್ ತಮ್ಮ ಚಿತ್ರಗಳ ಭಿತ್ತಿಪತ್ರಗಳಿಗೆ ಅಕ್ಷರಗಳನ್ನು ತಾವೇ ಬರೆಯುತ್ತಿದ್ದರು.

ಯಂತ್ರದ ನಕಲು ಮತ್ತು ಪಟುವಾಗಳ ಪಾಡು

ಈಗ ಒಂದು ಸಾಲು ಬರೆದರೆ ಕೃತಕ ಬುದ್ಧಿಮತ್ತೆ ನಿಮಿಷದಲ್ಲಿ ಕಾಳಿಘಾಟ್ ಮಾದರಿಯ ಚಿತ್ರವನ್ನು ಕೊಡುತ್ತದೆ. ಹಾಗಿದ್ದರೆ ಈ ಕಷ್ಟವೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿಯೂ ಕಾಳಿಘಾಟಿನ ಇತಿಹಾಸ ಯೋಚಿಸುವಂತೆ ಮಾಡುತ್ತದೆ. ಪಟುವಾಗಳ ಶೈಲಿ ಅನನ್ಯವಾಗಿದ್ದರೂ ಅವರ ಜೀವನೋಪಾಯ ಉಳಿಯಲಿಲ್ಲ. ಯಂತ್ರದಲ್ಲಿ ಅಚ್ಚಾದ ಅಗ್ಗದ ಬಣ್ಣದ ಚಿತ್ರಗಳು ಬಂದವು. ಯಾತ್ರಿಕರು ಅವನ್ನೇ ಕೊಂಡರು. 1930ರ ಹೊತ್ತಿಗೆ ಆ ಬೀದಿಗಳ ಪಟದ ವ್ಯಾಪಾರ ಬಹುತೇಕ ಮುಗಿದಿತ್ತು. ವಿಶಿಷ್ಟ ಶೈಲಿಯೊಂದಿದ್ದರೆ ಹೊಟ್ಟೆ ತುಂಬುತ್ತದೆ ಎಂಬ ಭರವಸೆಯನ್ನು ನಾವು ಯಾರಿಗೂ ಕೊಡಲಾರೆವು.

ಆದರೂ ಎರಡು ಮಾತು ಹೇಳಬಹುದು. ಮೊದಲನೆಯದು ವ್ಯವಹಾರದ್ದು: ಯಂತ್ರದಿಂದ ಪಡೆದ ಚಿತ್ರಗಳನ್ನು ಬಳಸಿದ್ದರೆ ಅದನ್ನು ತಿಳಿಸಬೇಕೆಂಬ ನಿಯಮವನ್ನು ಸ್ಟೀಮ್ 2024ರ ಜನವರಿಯಲ್ಲಿ ತಂದಿತು, ಅಂತಹ ಗೇಮನ್ನು ಕೊಳ್ಳಲು ಹಿಂಜರಿಯುವ ಗ್ರಾಹಕರೂ ಇದ್ದಾರೆ. ಎರಡನೆಯದು ಕಸುಬಿನದು: ಎಲ್ಲರ ಕೈಗೂ ಒಂದೇ ಯಂತ್ರ ಸಿಕ್ಕಾಗ ಅದು ಸುಲಭವಾಗಿ ಕೊಡುವ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ಗುರುತಾಗಬೇಕೆಂಬ ಮೂಲ ಉದ್ದೇಶಕ್ಕೇ ಅದು ವಿರುದ್ಧ. ಅಚ್ಚಿನ ಚಿತ್ರಗಳನ್ನು ಮಾಡಿದವರ ಹೆಸರು ಇಂದು ಸಂಗ್ರಾಹಕರಿಗಷ್ಟೇ ಗೊತ್ತು. ಪಟುವಾಗಳ ರೇಖೆಯನ್ನು ಜಾಮಿನಿ ರಾಯ್ ಎತ್ತಿಕೊಂಡರು.

ನಿರ್ಧರಿಸುವ ಮುನ್ನ

ಕೊನೆಯದಾಗಿ, ಮನೆಯಲ್ಲಿ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಮಾಡಬಹುದಾದ ಕೆಲಸವನ್ನು ಸೂಚಿಸುತ್ತೇವೆ. ಗೇಮಿನ ಕಥೆಯನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಅದಕ್ಕೆ ಹೊಂದಬಹುದಾದ ಮೂರು ಬೇರೆ ಬೇರೆ ಶೈಲಿಗಳಲ್ಲಿ ಒಂದೇ ದೃಶ್ಯವನ್ನು ಚಿತ್ರಿಸಿ, ಪ್ರತಿಯೊಂದಕ್ಕೂ ಹಿಡಿದ ಗಂಟೆಗಳನ್ನು ಪ್ರಾಮಾಣಿಕವಾಗಿ ಗುರುತು ಹಾಕಿಕೊಳ್ಳಿ. ಒಂದನ್ನು ಆರಿಸಿದ ಮೇಲೆ ಬಣ್ಣಗಳೆಷ್ಟು, ಗೆರೆ ಎಷ್ಟು ದಪ್ಪ, ಬೆಳಕು ಯಾವ ಕಡೆಯಿಂದ, ಏನನ್ನು ಎಂದಿಗೂ ಬರೆಯುವುದಿಲ್ಲ ಎಂಬ ನಿಯಮಗಳನ್ನು ಒಂದೇ ಪುಟದಲ್ಲಿ ಬರೆದು ಗೋಡೆಗೆ ಅಂಟಿಸಿ. ನಂತರ ಗೇಮಿನ ಐದು ನಿಮಿಷಗಳಷ್ಟು ಭಾಗವನ್ನು ಮಾತ್ರ ಪೂರ್ತಿಯಾಗಿ ಮುಗಿಸಿ. ಅದಕ್ಕೆ ಮೂರು ತಿಂಗಳು ಹಿಡಿದಿದ್ದರೆ ಒಂದು ಗಂಟೆಯ ಗೇಮಿಗೆ ಎಷ್ಟು ಬೇಕೆಂದು ಯಾರಾದರೂ ಗುಣಿಸಬಹುದು. ಉತ್ತರ ಮೂರು ವರ್ಷವೆಂದು ಬಂದರೆ ಗೇಮನ್ನು ಚಿಕ್ಕದಾಗಿಸಬೇಕು, ಇಲ್ಲವೇ ಶೈಲಿಯನ್ನು ಇನ್ನಷ್ಟು ಸರಳಗೊಳಿಸಬೇಕು.

ಈ ಲೆಕ್ಕ ಮುಂದಿದ್ದರೆ ತಂದೆತಾಯಿಯರೂ ನಿರ್ದಿಷ್ಟವಾಗಿ ಮಾತನಾಡಬಹುದು: ಇಷ್ಟು ತಿಂಗಳು, ಇಷ್ಟು ಹಣ, ಅನಂತರ ಮತ್ತೆ ಕುಳಿತು ಯೋಚಿಸೋಣ ಎಂದು. ಬೇಡವೆನ್ನುವುದಕ್ಕಿಂತ ಅದು ಉತ್ತಮ. ಕಣ್ಣುಮುಚ್ಚಿ ಹೂಂ ಎನ್ನುವುದಕ್ಕಿಂತಲೂ ಉತ್ತಮ.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ ಆಡುತ್ತಾರೆ. ಎರಡೂ ಕಡೆ ಅವರು ಅರ್ಧ ಹೊರಗಿನವರೇ ಎಂದು ನಾವು ಆಗಾಗ ಮರುಗುವುದುಂಟು. ಚಿತ್ರದ ವಿಷಯದಲ್ಲಿ ಆ ಕೊರಗು ಬೇಕಿಲ್ಲ. ಕಾಳಿಘಾಟಿನ ಬಾಗುರೇಖೆಯನ್ನೂ ತೊಗಲುಗೊಂಬೆಯ ಕೀಲನ್ನೂ ಮನೆಯವೆಂದು ಕಂಡು ಬೆಳೆಯುವ ಅವಕಾಶ ಬೆಂಗಳೂರಿನ ಮಗುವಿಗೂ ಇಲ್ಲ, ಬಾಲಿಗಂಜಿನ ಮಗುವಿಗೂ ಇಲ್ಲ. ಮುಂದಿನ ರಜೆಯ ದಿನ ಮಾರುಕಟ್ಟೆಯಲ್ಲಿ ಬಾಳೆಲೆ, ಕಾಫಿಪುಡಿ ಕೊಂಡ ಮೇಲೆ ಮಕ್ಕಳನ್ನು ಕರೆದುಕೊಂಡು ಕಾಳಿಘಾಟಿನ ಕಡೆಗೂ ಒಮ್ಮೆ ನಡೆದು ಬರಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ. ಚೀಲದಲ್ಲಿ ಒಂದು ಚಿತ್ರ ಬರೆಯುವ ಪುಸ್ತಕವೂ ಇರಲಿ.